ಕರ್ಕಾಟಕದ ಮಳೆಯಲ್ಲಿ ಕಣ್ಣಿನ ಆರೈಕೆ: ಕೂತ್ತಾಟ್ಟುಕುಳಂ ದಿನಗಳು

ಹೊರಟ ರಾತ್ರಿ

ಕಣ್ಣಿನ ಆಯುರ್ವೇದ ಚಿಕಿತ್ಸೆಗೆ ಕೇರಳಕ್ಕೆ ಹೊರಡುವವರ ಚೀಲಕ್ಕೆ ಬಟ್ಟೆಬರೆಗಿಂತ ಮೊದಲು ಸೇರಬೇಕಾದ್ದು ರಿಪೋರ್ಟಿನ ಫೈಲು. ಒಣಗುವ ಕಣ್ಣಿನ ಚಿಕಿತ್ಸೆಗೆ ಕೂತ್ತಾಟ್ಟುಕುಳಂಗೆ ಹೊರಟ ದೊಡ್ಡಮ್ಮನ ಫೈಲಿನಲ್ಲಿ ಕನ್ನಡಕದ ನಂಬರು, ಕಣ್ಣಿನ ಒತ್ತಡ, ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಚಿತ್ರ, ಸಕ್ಕರೆಯ ಮೂರು ತಿಂಗಳ ಸರಾಸರಿ ಎಲ್ಲವೂ ಇದ್ದವು. ಅವುಗಳಲ್ಲಿ ಮುಖ್ಯವಾದದ್ದು ಷಿರ್ಮರ್ ಪರೀಕ್ಷೆಯ ಚೀಟಿ. ಕೆಳರೆಪ್ಪೆಯ ಒಳಗೆ, ಹೊರಮೂಲೆಯ ಕಡೆಗೆ, ತೆಳುವಾದ ಸೋಸುಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ಐದು ನಿಮಿಷ ಕಣ್ಣು ಮುಚ್ಚಿಸಿ, ಕಣ್ಣೀರು ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ಅಳೆಯುತ್ತಾರೆ. 10 ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 5ಕ್ಕಿಂತ ಕಡಿಮೆಯಾದರೆ ಕಣ್ಣು ಚೆನ್ನಾಗಿಯೇ ಒಣಗಿದೆ ಎಂದರ್ಥ. ದೊಡ್ಡಮ್ಮನ ಎರಡೂ ಕಣ್ಣು 5ರ ಒಳಗೇ ಇದ್ದವು. ಹೊರಡುವ ಮುನ್ನ ಈ ಅಳತೆ ಕೈಯಲ್ಲಿ ಇಲ್ಲದಿದ್ದರೆ, ಚಿಕಿತ್ಸೆ ಮುಗಿದ ಮೇಲೆ ‘ಏನೋ ಹಗುರ ಅನ್ನಿಸ್ತಿದೆ’ ಎಂಬುದಷ್ಟೇ ಉಳಿಯುತ್ತದೆ. ಅದು ನಿಜವಾದ ಗುಣವೋ, ಊರು ಬದಲಾದ ಸಮಾಧಾನವೋ ಹೇಳಲು ಬರುವುದಿಲ್ಲ.

ಇನ್ನೊಂದು ಮಾತೂ ಇಲ್ಲೇ ಸೇರಬೇಕು. ಕಣ್ಣು ಒಣಗುವುದರ ಜೊತೆಗೆ ಬಾಯೂ ಒಣಗುತ್ತಿದ್ದರೆ, ಕೀಲು ನೋವೂ ಇದ್ದರೆ, ಜೋಗ್ರೆನ್ಸ್ ಎಂಬ ಕಾಯಿಲೆ ಇರಬಹುದು. ಅದಕ್ಕೆ ರಕ್ತಪರೀಕ್ಷೆ ಮಾಡಿಸಿಕೊಂಡೇ ಮುಂದಿನ ದಾರಿ ಹಿಡಿಯಬೇಕು. ದೊಡ್ಡಮ್ಮನಿಗೆ ಆ ಪರೀಕ್ಷೆ ಮೊದಲೇ ಆಗಿತ್ತು, ಕಾಯಿಲೆ ಇರಲಿಲ್ಲ.

ಬೆಂಗಳೂರಿನಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್. ಒಣಗುವ ಕಣ್ಣಿನವರಿಗೆ ಎಸಿ ಬೋಗಿಯ ಮೇಲಿನ ಬರ್ತು ಆಗದು. ಗಾಳಿ ಬರುವ ಜಾಲರಿ ನೇರ ಮುಖಕ್ಕೇ ಇರುತ್ತದೆ. ಕೆಳಗಿನ ಬರ್ತು ಕೇಳಿ ಪಡೆದು, ಕಣ್ಣಿನ ಮೇಲೆ ಒಗೆದ ಹತ್ತಿಬಟ್ಟೆಯ ಪಟ್ಟಿ ಹಾಕಿಕೊಂಡು ಮಲಗಿದರೆ ಬೆಳಗ್ಗೆ ರೆಪ್ಪೆ ಅಂಟಿಕೊಂಡು ಏಳುವ ಕಷ್ಟ ಅರ್ಧ ತಪ್ಪುತ್ತದೆ.

ತಲುಪಿದ ದಿನ

ಪಾಲಕ್ಕಾಡು ದಾಟಿದ ಮೇಲೆ ಶುರುವಾದ ಮಳೆ ಎರ್ನಾಕುಲಂ ಟೌನ್‌ನಲ್ಲಿ ಇಳಿಯುವಾಗಲೂ ಬಿಟ್ಟಿರಲಿಲ್ಲ. ಸ್ಟೇಷನ್ನಿನ ಪಕ್ಕದಲ್ಲೇ ಮೆಟ್ರೋ ಇದೆ. ಅದರಲ್ಲಿ ವೈಟ್ಟಿಲಕ್ಕೆ ಹೋದರೆ ಬಸ್ ನಿಲ್ದಾಣಕ್ಕೆ ನೆನೆಯದೆ ನಡೆಯಬಹುದು. ಅಲ್ಲಿಂದ ತೃಪ್ಪೂಣಿತ್ತುರ, ಕೋಲಂಚೇರಿ, ಮೂವಾಟ್ಟುಪುಳ.

ಕಿಟಕಿ ಪಕ್ಕದ ಸೀಟು ದೊಡ್ಡಮ್ಮನಿಗೆ ಕೊಡಲಿಲ್ಲ. ಓಡುವ ಬಸ್ಸಿನ ಗಾಳಿಗೆ ಕಣ್ಣೀರಿನ ಪದರ ಒಡೆಯಲು ಕೆಲವೇ ಸೆಕೆಂಡು ಸಾಕು. ಆರೋಗ್ಯವಂತ ಕಣ್ಣಿನಲ್ಲಿ ಮಿಟುಕಿಸದೆ ಹತ್ತು ಸೆಕೆಂಡಾದರೂ ಉಳಿಯಬೇಕಾದ ಪದರ ಇಂಥವರಲ್ಲಿ ಮೂರು ನಾಲ್ಕಕ್ಕೇ ಚೂರಾಗಿಬಿಡುತ್ತದೆ. ನಂಬರಿಲ್ಲದ ಬಿಳಿ ಗಾಜಿನ ಅಗಲ ಕನ್ನಡಕವೊಂದು ಪ್ರಯಾಣಕ್ಕೆಂದೇ ಇರಲಿ.

ಮೂವಾಟ್ಟುಪುಳದಲ್ಲಿ ಮೂರು ಹೊಳೆಗಳು ಸೇರುತ್ತವೆ: ಕೋತಯಾರ್, ಕಾಳಿಯಾರ್, ತೊಡುಪುಳಯಾರ್. ಕರ್ಕಾಟಕದಲ್ಲಿ, ಎಂದರೆ ಮಳೆಗಾಲದ ಮಲಯಾಳ ತಿಂಗಳಲ್ಲಿ, ಮೂರೂ ಕೆಂಪು. ಅಲ್ಲಿಂದ ಎಂಸಿ ರೋಡು ದಕ್ಷಿಣಕ್ಕೆ ತಿರುಗುತ್ತದೆ. ಅಂಗಮಾಲಿಯಿಂದ ತಿರುವನಂತಪುರದವರೆಗೆ ಹೋಗುವ ಹಳೆಯ ರಸ್ತೆ ಇದು. ಏರು, ಇಳಿಜಾರು, ಮತ್ತೆ ಏರು. ಎರಡೂ ಕಡೆ ರಬ್ಬರ್ ತೋಟ, ನಡುನಡುವೆ ಜಾಯಿಕಾಯಿ, ಇಳಿಜಾರಿನಲ್ಲಿ ಅನಾನಸ್. ಹತ್ತಿರದ ವಾಳಕ್ಕುಳಂ ಅನಾನಸ್ಸಿಗೆ ಹೆಸರಾದ ಊರು. ಮಳೆಗಾಲದಲ್ಲಿ ರಬ್ಬರ್ ಮರದ ಗಾಯದ ಮೇಲೆ ಪ್ಲಾಸ್ಟಿಕ್ ಸುತ್ತು ಕಟ್ಟಿರುತ್ತಾರೆ, ಬಟ್ಟಲಿನ ಹಾಲಿಗೆ ನೀರು ಬೆರೆಯದಿರಲೆಂದು.

ದಾರಿಯ ಚಹಾದಂಗಡಿಯಲ್ಲಿ ರಬ್ಬರ್ ಕೊಯ್ಯುವ ಒಬ್ಬರು ಸಿಕ್ಕಿದರು. ಹಣೆಯ ದೀಪ ಇನ್ನೂ ತಲೆಯ ಮೇಲೇ ಇತ್ತು. ಕಣ್ಣಿನ ಆಸ್ಪತ್ರೆಗೆ ಎಂದಾಗ ತಮ್ಮ ಕಸುಬಿನ ಭಯ ಹೇಳಿದರು. ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಸಿಡ್ ಕಣ್ಣಿಗೆ ಸಿಡಿದರೆ ಏನು ಮಾಡಬೇಕು? ಅವರೇ ಕೈಯಾಡಿಸಿ ತೋರಿಸಿದರು: ‘ಓಡುವುದಲ್ಲ, ಮೊದಲು ನೀರು.’ ಸರಿಯಾದ ಮಾತು. ಹರಿಯುವ ಶುದ್ಧ ನೀರಿನಲ್ಲಿ, ರೆಪ್ಪೆ ಬಿಡಿಸಿ ಹಿಡಿದು, ಹದಿನೈದು ಇಪ್ಪತ್ತು ನಿಮಿಷ ತೊಳೆದ ಮೇಲೆಯೇ ಆಸ್ಪತ್ರೆ. ತೋಟಕ್ಕೆ ಸುಣ್ಣ ಹೊಡೆಯುವ, ಸುಣ್ಣ ಬೆರೆತ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ಮಲೆನಾಡಿನವರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಸುಣ್ಣ ಆಸಿಡ್ಡಿಗಿಂತ ಕೆಟ್ಟದ್ದು, ಅದು ಒಳಕ್ಕೆ ಕೊರೆಯುತ್ತಾ ಹೋಗುತ್ತದೆ.

ಕೂತ್ತಾಟ್ಟುಕುಳಂ ಎರ್ನಾಕುಲಂ ಜಿಲ್ಲೆಯ ದಕ್ಷಿಣದ ಅಂಚಿನ ಪೇಟೆ. ಶ್ರೀಧರೀಯಂ ಆಸ್ಪತ್ರೆಯಿಂದಾಗಿ ಆಯುರ್ವೇದದ ಕಣ್ಣಿನ ಚಿಕಿತ್ಸೆ ಎಂದರೆ ಈ ಊರು ಎನ್ನುವಷ್ಟು ಹೆಸರಾಗಿದೆ. ಇಂಥ ಊರಿನಲ್ಲಿ ಆಟೋದವರಿಗೆ ರೋಗಿಯನ್ನು ಗುರುತಿಸಲು ಕಪ್ಪು ಕನ್ನಡಕ ಸಾಕು. ನಮ್ಮನ್ನು ಕೂರಿಸಿಕೊಂಡವರು ‘ಚೇಚೀ, ಕಣ್ಣಿಗೆ ಬಂದದ್ದಾ?’ ಎಂದು ಅರ್ಧ ಕನ್ನಡದಲ್ಲೇ ಕೇಳಿದರು.

ಮೊದಲ ತಪಾಸಣೆ ಒಂದೂವರೆ ಗಂಟೆ ಹಿಡಿಯಿತು. ಅಕ್ಷರದ ಹಲಗೆ, ಕಣ್ಣನ್ನು ಹಿಗ್ಗಿಸಿ ನೋಡುವ ಸ್ಲಿಟ್ ಲ್ಯಾಂಪ್, ಒತ್ತಡದ ಅಳತೆ ಆದ ಮೇಲೆ ನಾಡಿ, ನಾಲಿಗೆ, ಹಸಿವು, ಮಲ, ನಿದ್ದೆ. ಸ್ಲಿಟ್ ಲ್ಯಾಂಪೇ ಇಲ್ಲದೆ ಕಣ್ಣಿಗೆ ಔಷಧ ಹಾಕಲು ಮುಂದಾಗುವ ಜಾಗದಿಂದ ವಾಪಸ್ ಬನ್ನಿ. ವೈದ್ಯರು ದೊಡ್ಡಮ್ಮನ ಬೆಳಗಿನ ಕಷ್ಟವನ್ನು ಕೇಳಿ, ಸುಶ್ರುತ ಸಂಹಿತೆಯ ಕೊನೆಯ ಭಾಗವಾದ ಉತ್ತರತಂತ್ರದಲ್ಲಿ ಇದೇ ಇದೆ ಎಂದರು: ರೆಪ್ಪೆ ಒರಟು, ನೋಟ ಮಂಕು, ಎದ್ದೊಡನೆ ಕಣ್ಣು ತೆರೆಯುವುದೇ ಕಷ್ಟ, ಅದು ಶುಷ್ಕಾಕ್ಷಿಪಾಕ. ಸುಶ್ರುತ ಎಣಿಸಿದ 76 ಕಣ್ಣಿನ ರೋಗಗಳಲ್ಲಿ ಒಂದು. ತುಪ್ಪ ಕುಡಿಸುವುದು, ಕಣ್ಣಿಗೆ ತರ್ಪಣ (ಸುತ್ತ ಕಟ್ಟೆ ಕಟ್ಟಿ ತುಪ್ಪ ತುಂಬುವುದು), ಅಣುತೈಲದ ನಸ್ಯ (ಮೂಗಿಗೆ ಹನಿ), ಹಾಲಿನ ಸೇಕ (ರೆಪ್ಪೆಯ ಮೇಲೆ ಧಾರೆ), ಇವೇ ಅದಕ್ಕೆ ಅಲ್ಲಿ ಹೇಳಿರುವ ದಾರಿ. ದೊಡ್ಡಮ್ಮ ನೇರವಾಗಿ ಕೇಳಿದರು, ‘ಡಾಕ್ಟ್ರೇ, ಪೂರ್ತಿ ಹೋಗತ್ತಾ?’ ಅವರು ‘ಕಡಿಮೆ ಮಾಡೋಣ, ಹನಿ ಹಾಕುವುದನ್ನು ಈಗಲೇ ಬಿಡಬೇಡಿ’ ಎಂದಷ್ಟೇ ಹೇಳಿದರು. ಆ ಉತ್ತರದಿಂದಲೇ ನಂಬಿಕೆ ಹುಟ್ಟಿತು.

ರಾತ್ರಿ ಊಟಕ್ಕೆ ಗುಲಾಬಿ ಬಣ್ಣದ ಬಿಸಿನೀರು ಬಂತು. ಅದು ಪದಿಮುಖ ಎಂಬ ಮರದ ಚಕ್ಕೆ ಕುದಿಸಿದ ನೀರು; ಕೇರಳದ ಊಟದ ಮೇಜಿನಲ್ಲಿ ಇದು ಸಾಮಾನ್ಯ.

ಸೇಕ, ನಸ್ಯ

ಮೊದಲಿಗೆ ತುಪ್ಪವೂ ಇಲ್ಲ, ತರ್ಪಣವೂ ಇಲ್ಲ. ನಾಲಿಗೆಯ ಮೇಲೆ ಬಿಳಿ ಪದರ ಇದ್ದದ್ದರಿಂದ ಜೀರ್ಣ ಸರಿಮಾಡುವ ಕಷಾಯ ಮಾತ್ರ. ಅಗ್ನಿ ಮಂದವಾಗಿರುವಾಗ ತುಪ್ಪ ಕುಡಿಸಿದರೆ ಹೊಟ್ಟೆ ಭಾರ, ಓಕರಿಕೆ, ತಲೆನೋವು. ಅಲ್ಲಿಗೆ ಚಿಕಿತ್ಸೆ ನಿಂತುಹೋಗುತ್ತದೆ. ಕೊಲೆಸ್ಟರಾಲ್ ಜಾಸ್ತಿ ಇರುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಅದನ್ನು ಈ ಹಂತದಲ್ಲೇ ಹೇಳಿಬಿಡಬೇಕು.

ಸೇಕ ನೋಡಲು ಸರಳ. ಅಂಗಾತ ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ಕಣ್ಣು ಮುಚ್ಚಿಸಿ, ನಾಲ್ಕು ಬೆರಳು ಎತ್ತರದಿಂದ ಸಣ್ಣ ಧಾರೆಯಾಗಿ ಔಷಧದ ದ್ರವವನ್ನು ರೆಪ್ಪೆಯ ಮೇಲೆ ಬಿಡುತ್ತಾರೆ. ಧಾರೆ ಮೂಗಿನ ಕಡೆಯ ಮೂಲೆಯಿಂದ ಹೊರಗಿನ ಮೂಲೆಗೆ ಹರಿಯಬೇಕು, ತಿರುಗಿ ಬರಬಾರದು. ಎತ್ತರ ಹೆಚ್ಚಾದರೆ ರೆಪ್ಪೆ ಬೆಚ್ಚಿ ಬಿಗಿಯುತ್ತದೆ, ಧಾರೆ ದಪ್ಪವಾದರೆ ಕಿವಿಗೆ ಇಳಿಯುತ್ತದೆ. ಕಷಾಯವನ್ನು ಆಗಾಗಲೇ ಕುದಿಸಿ, ಮಡಿಸಿದ ಬಟ್ಟೆಯಲ್ಲಿ ಎರಡು ಮೂರು ಸಲ ಸೋಸಬೇಕು. ಒಂದು ನಾರು ಉಳಿದರೂ ಒಣ ಕಣ್ಣಿಗೆ ಅದು ಮುಳ್ಳು. ಬೆಳಗಿನದು ಸಂಜೆಗೆ ಬೇಡ.

ಇದನ್ನೇ ಮನೆಯಲ್ಲಿ ತ್ರಿಫಲಾ ಪುಡಿ ನೆನೆಸಿ ಮಾಡಿಕೊಳ್ಳುವವರು ನಮ್ಮಲ್ಲಿ ಬಹಳ. ಪುಡಿಯ ಕಣ ಕರಿಗುಡ್ಡೆಗೆ ಗೀರು ಹಾಕಿ, ನಿಂತ ನೀರಿನ ಕ್ರಿಮಿ ಆ ಗೀರಿನಲ್ಲಿ ಸೇರಿದರೆ ಹುಣ್ಣಾಗುತ್ತದೆ. ಅದು ಮಾಗಿದ ಮೇಲೂ ಬಿಳಿ ಕಲೆ ಉಳಿಸುತ್ತದೆ. ತ್ರಿಫಲಾ ಹೊಟ್ಟೆಗೆ ತೆಗೆದುಕೊಳ್ಳಿ, ಕಣ್ಣಿನೊಳಕ್ಕೆ ಮನೆಯ ಕಷಾಯ ಹಾಕಬೇಡಿ.

ನಸ್ಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಮುಖ, ಕತ್ತಿಗೆ ಎಣ್ಣೆ ತಿಕ್ಕಿ, ಕಣ್ಣಿನ ಮೇಲೆ ತಣ್ಣೀರ ಹತ್ತಿ ಇಟ್ಟು ಮುಖಕ್ಕೆ ಹಬೆ ಕೊಟ್ಟರು. ಹಬೆ ಕಣ್ಣಿಗೆ ನೇರ ಬಿದ್ದರೆ ಒಣಗುವುದು ಇನ್ನೂ ಜಾಸ್ತಿ, ಹಾಗಾಗಿ ಆ ಹತ್ತಿ ಜಾರದಂತೆ ಒಬ್ಬರು ಹಿಡಿದೇ ಇದ್ದರು. ಆಮೇಲೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗಿನ ಒಂದು ಹೊಳ್ಳೆ ಮುಚ್ಚಿ ಇನ್ನೊಂದಕ್ಕೆ ಬೆಚ್ಚಗಿನ ಅಣುತೈಲದ ಹನಿ. ಗಂಟಲಿಗೆ ಇಳಿದದ್ದನ್ನು ನುಂಗದೆ ಉಗುಳಬೇಕು. ದೊಡ್ಡಮ್ಮ ಮೊದಲ ಸಲ ಸಂಕೋಚಪಟ್ಟು ನುಂಗಿಬಿಟ್ಟರು, ಮಧ್ಯಾಹ್ನದವರೆಗೆ ಊಟ ಸೇರಲಿಲ್ಲ. ಚಿಕಿತ್ಸೆ ಮಾಡುವ ಹೆಣ್ಣುಮಗಳು ಮರುದಿನ ಡಬ್ಬಿಯನ್ನು ಗಲ್ಲದ ಕೆಳಗೇ ಹಿಡಿದು, ‘ಅಮ್ಮಾ, ತುಪ್ಪಿ, ತುಪ್ಪಿ’ (ಉಗುಳಿ, ಉಗುಳಿ) ಎನ್ನುತ್ತಾ ನಿಂತಳು.

ಮೋಡ ಕವಿದ ದಿನ

ತರ್ಪಣ ಶುರುವಾಗಬೇಕಿದ್ದ ಬೆಳಿಗ್ಗೆ ಆಕಾಶ ಕಪ್ಪಗೆ ಇಳಿದಿತ್ತು. ಕರ್ಕಾಟಕ ಮಾಸವೆಂದರೆ ಕೇರಳದಲ್ಲಿ ಚಿಕಿತ್ಸೆಯ ಕಾಲ. ತಂಪು ಗಾಳಿ, ತೋಟದ ಕೆಲಸ ಕಡಿಮೆ, ಮೈಗೆ ಎಣ್ಣೆ ಹಿಡಿಯುತ್ತದೆ ಎಂಬ ಲೆಕ್ಕ. ಆದರೆ ಕಣ್ಣಿನ ತರ್ಪಣಕ್ಕೆ ಶಾಸ್ತ್ರ ಬೇರೆ ಮಾತು ಹೇಳುತ್ತದೆ: ಮೋಡ ಮುಚ್ಚಿದ ದಿನ, ಅತಿ ಸೆಕೆ, ಅತಿ ಚಳಿ, ರೋಗಿಗೆ ಚಿಂತೆಯೋ ದಣಿವೋ ತಲೆಸುತ್ತೋ ಇರುವಾಗ ಬೇಡ. ಎಲ್ಲ ಕಡೆ ಇದನ್ನು ಇಷ್ಟು ಕಟ್ಟುನಿಟ್ಟಾಗಿ ನೋಡುವುದಿಲ್ಲ. ಇಲ್ಲಿಯ ವೈದ್ಯರು ಕಿಟಕಿಯಿಂದ ಹೊರಗೆ ನೋಡಿ ‘ನಾಳೆ’ ಎಂದರು. ಮಳೆಗಾಲದಲ್ಲಿ ಬರುವವರು ವಾಪಸ್ ಟಿಕೆಟ್ಟಿಗೂ ಚಿಕಿತ್ಸೆಯ ಕೊನೆಗೂ ನಡುವೆ ಎರಡು ಮೂರು ದಿನ ಸಡಿಲ ಇಟ್ಟುಕೊಳ್ಳಬೇಕಾದ್ದು ಇದಕ್ಕೇ. ಟಿಕೆಟ್ಟಿಗಾಗಿ ಮೋಡದಲ್ಲೂ ಮಾಡಿಸಿ ಎಂದು ಒತ್ತಾಯಿಸುವ ಮನೆಯವರನ್ನು ಅದೇ ವರಾಂಡದಲ್ಲಿ ಕಂಡೆವು.

ಆ ಖಾಲಿ ಬೆಳಗಿನಲ್ಲಿ ಮಾತಿಗೆ ಸಿಕ್ಕವರು ತುಮಕೂರು ಕಡೆಯ ಒಬ್ಬ ಹಿರಿಯರು. ಗ್ಲಾಕೋಮಾ. ಯಾರೋ ನೆಂಟರು ‘ಆಯುರ್ವೇದ ಶುರು ಮಾಡಿದ ಮೇಲೆ ಇಂಗ್ಲಿಷ್ ಹನಿ ಯಾಕೆ’ ಎಂದದ್ದಕ್ಕೆ ಹೊರಡುವ ಮೊದಲೇ ಹನಿ ಬಿಟ್ಟಿದ್ದರು. ಬಂದ ದಿನ ಒತ್ತಡ ಅಳೆದಾಗ 30 ದಾಟಿತ್ತಂತೆ. 21 ಎಂಬುದು ಸಾಮಾನ್ಯದ ಮೇಲಿನ ಗೆರೆ. ವೈದ್ಯರು ಬೇರೆ ಎಲ್ಲ ಬಿಟ್ಟು ಮೊದಲು ಹನಿ ತರಿಸಿ ಹಾಕಿಸಿದ್ದರು.

ಗ್ಲಾಕೋಮಾದ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಒತ್ತಡ ಏರಿ ಕಣ್ಣಿನ ನರ ಅಂಚಿನಿಂದ ಸಾಯುತ್ತಾ ಬರುತ್ತದೆ, ಸತ್ತ ನರ ಯಾವ ಪದ್ಧತಿಯಲ್ಲೂ ಮರಳುವುದಿಲ್ಲ. ಆಯುರ್ವೇದದ ಚಿಕಿತ್ಸೆ ಮಾಡಿಸಿಕೊಳ್ಳಿ, ಹನಿಯ ಜೊತೆಗೆ ಮಾಡಿಸಿಕೊಳ್ಳಿ. ಪ್ರಯಾಣದಲ್ಲಿ ಲಟಾನೋಪ್ರಾಸ್ಟ್‌ನಂಥ ಹನಿ ಬಿಸಿಗೆ ಕೆಡುತ್ತದೆ. ತೆರೆಯದ ಬಾಟಲು ಫ್ರಿಜ್ಜಿನಲ್ಲಿ, ತೆರೆದದ್ದು 25 ಡಿಗ್ರಿಯ ಒಳಗೆ. ತೆರೆದ ದಿನಾಂಕ ಬಾಟಲಿನ ಮೇಲೆಯೇ ಬರೆದು ಆರು ವಾರಕ್ಕೆ ಎಸೆಯಬೇಕು. ಹಿರಿಯರು ಎಲ್ಲ ಕೇಳಿಕೊಂಡು ‘ಎಡಗಣ್ಣಿನ ಪಕ್ಕದ್ದು ಕಾಣೋದು ಕಮ್ಮಿ ಆಗೈತೆ ಸ್ವಾಮಿ, ಅದು ಬರಲ್ಲ ಅಂದ್ರು’ ಎಂದರು. ಅವರಿಗೆ ಅದನ್ನು ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು. ಹೋದ ದೃಷ್ಟಿ ತರಿಸಿಕೊಡುತ್ತೇವೆ ಎಂದು ರಾತ್ರಿಗುರುಡಿನ ರೆಟಿನಾ ರೋಗದವರಿಗೂ ಗ್ಲಾಕೋಮಾದವರಿಗೂ ಮಾತು ಕೊಡುವವರು ಈ ದೇಶದ ಯಾವ ಮೂಲೆಯಲ್ಲಿ ಕೂತಿದ್ದರೂ ಅವರ ಹತ್ತಿರ ಹೋಗಬೇಡಿ. ಮಿಂಚು ಹೊಡೆದಂತೆ ಬೆಳಕು, ಒಮ್ಮೆಲೇ ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ಮಂಕು ಕಂಡರೆ ಅದು ರೆಟಿನಾ ಕಳಚುವ ಲಕ್ಷಣ. ಆಗ ಪ್ರವಾಸವೂ ಬೇಡ, ಪಥ್ಯವೂ ಬೇಡ, ಅದೇ ದಿನ ರೆಟಿನಾ ಆಸ್ಪತ್ರೆ.

ಸಂಜೆ ಕರ್ಕಾಟಕದ ಗಂಜಿ ಕೊಟ್ಟರು. ನವರ ಅಕ್ಕಿ, ಮೆಂತ್ಯ, ತೆಂಗಿನ ಹಾಲು, ಜೊತೆಗೆ ಒಂದಷ್ಟು ಔಷಧಿ ಸೊಪ್ಪು. ಹಲಸಿನೆಲೆ ಮಡಿಸಿ ಈರ್ಕಿಲು (ತೆಂಗಿನ ಗರಿಯ) ಕಡ್ಡಿ ಚುಚ್ಚಿ ಮಾಡಿದ ಚಮಚದಲ್ಲಿ ಕುಡಿಯುವುದು ರೂಢಿ. ಪಥ್ಯದ ಊಟ ಹೆಸರುಕಾಳು, ಪಡವಲಕಾಯಿ, ಬೂದುಗುಂಬಳ. ಹುಳಿ, ಹಸಿಮೆಣಸು, ಉಪ್ಪಿನಕಾಯಿ, ರಾತ್ರಿಯ ಮೊಸರು ಇಲ್ಲ. ಊರಿನಿಂದ ಚಟ್ನಿಪುಡಿ ಕಟ್ಟಿಕೊಂಡು ಬಂದ ಕನ್ನಡದವರಿಗೆ ಇದೇ ದೊಡ್ಡ ಪರೀಕ್ಷೆ. ಹಗಲು ನಿದ್ದೆ ಬೇಡ ಎಂಬುದು ಅದಕ್ಕಿಂತ ದೊಡ್ಡದು, ಮಳೆಯ ಸದ್ದಿನಲ್ಲಿ ಮಧ್ಯಾಹ್ನ ಎಚ್ಚರ ಇರುವುದು ಸುಲಭವಲ್ಲ. ಫೋನೂ ಇಲ್ಲ, ಟಿವಿಯೂ ಇಲ್ಲ. ಪಕ್ಕದ ಮನೆಯಿಂದ ಸಂಜೆ ರಾಮಾಯಣದ ಪಾರಾಯಣ ಕೇಳುತ್ತಿತ್ತು. ಕರ್ಕಾಟಕ ಪೂರ್ತಿ ಅಲ್ಲಿ ಮನೆಮನೆಯಲ್ಲೂ ಅದನ್ನು ಓದುತ್ತಾರೆ.

ತರ್ಪಣದ ಬೆಳಗು

ಎಂಟೂವರೆಗೆ ಬಿಸಿಲು ಬಂತು. ಕರೆದರು.

ಹಳೆಯ ಬಟ್ಟೆ, ಮುಂದೆ ಗುಂಡಿಯ ರವಿಕೆ, ತಲೆಗೆ ಕಟ್ಟಲು ಹತ್ತಿಬಟ್ಟೆ. ತುಪ್ಪದ ಕಲೆ ಹೋಗುವುದಿಲ್ಲ, ಒಳ್ಳೆಯ ಸೀರೆ ಉಡಬೇಡಿ. ಕೋಣೆಗೆ ಗಾಳಿ ಬರಬಾರದು, ಫ್ಯಾನ್ ಇಲ್ಲ, ಕಿಟಕಿಗೆ ದಪ್ಪ ಪರದೆ.

ಉದ್ದಿನ ಹಿಟ್ಟು ಎರಡು ಹಿಡಿಗಿಂತ ಸ್ವಲ್ಪ ಹೆಚ್ಚು ತೆಗೆದುಕೊಂಡು ನೀರು ಚಿಮುಕಿಸಿ ನಾದಿದರು. ಹದ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ. ನೀರು ಜಾಸ್ತಿಯಾದರೆ ಕಟ್ಟೆ ಕುಸಿದು ಕೆನ್ನೆಗೆ ಇಳಿಯುತ್ತದೆ, ಕಡಿಮೆಯಾದರೆ ಬಿರುಕು ಬಿಟ್ಟು ಸೋರುತ್ತದೆ. ಹೊಸೆದ ಹಿಟ್ಟನ್ನು ಕಣ್ಣಿನ ಗುಳಿಯ ಮೂಳೆಯ ಅಂಚಿಗೆ, ಹುಬ್ಬಿನ ಮೇಲಿಂದ ಮೂಗಿನ ಬದಿಗಾಗಿ ಸುತ್ತು ತಂದು ಎರಡು ಬೆರಳು ಎತ್ತರದ ಕಟ್ಟೆ ಕಟ್ಟಿದರು. ಒಳಗಿನ ಅಂಚನ್ನು ಒದ್ದೆ ಬೆರಳಿನಿಂದ ಚರ್ಮಕ್ಕೆ ಅಂಟಿಸಿದರು. ಸೋರುವುದೆಲ್ಲ ಎರಡು ಜಾಗದಲ್ಲಿ: ಹುಬ್ಬಿನ ಕೂದಲಿನ ಮೇಲೆ ಮತ್ತು ಮೂಗಿನ ಮೂಲೆಯಲ್ಲಿ. ದೊಡ್ಡಮ್ಮನ ಬಲಗಣ್ಣಿನ ಕಟ್ಟೆ ಮೂಗಿನ ಮೂಲೆಯಲ್ಲೇ ಬಿಟ್ಟಿತು. ತುಪ್ಪ ಗೆರೆಯಾಗಿ ತುಟಿಯವರೆಗೆ ಬಂತು. ಹೆಣ್ಣುಮಗಳು ಗಾಬರಿಯಾಗದೆ ಹತ್ತಿಯಲ್ಲಿ ಒತ್ತಿ, ಆ ತುಂಡು ಹಿಟ್ಟು ತೆಗೆದು, ಚರ್ಮ ಒರೆಸಿ ಒಣಗಿಸಿ ಮತ್ತೆ ಕಟ್ಟಿದಳು. ಎಣ್ಣೆಯ ಮೇಲೆ ಹಿಟ್ಟು ಹಿಡಿಯುವುದಿಲ್ಲ, ಒರೆಸದೆ ಮೇಲೊಂದು ತುಂಡು ಒತ್ತಿದರೆ ಎರಡೇ ನಿಮಿಷಕ್ಕೆ ಮತ್ತೆ ಸೋರುತ್ತದೆ.

ತುಪ್ಪ ಜೀವಂತ್ಯಾದಿ ಘೃತ. ಒಲೆಯ ಮೇಲಲ್ಲ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟು ಕರಗಿಸುತ್ತಾರೆ. ಮುಂಗೈ ಹಿಂಬದಿಗೆ ಒಂದು ಹನಿ ಬಿಟ್ಟು ನೋಡಬೇಕು, ಬಿಸಿಯೂ ತಣ್ಣಗೂ ಅನ್ನಿಸಬಾರದು. ಬಿಸಿಯಾದರೆ ಸುಡುತ್ತದೆ, ತಣ್ಣಗಾದರೆ ಕಟ್ಟೆಯೊಳಗೇ ಹೆಪ್ಪುಗಟ್ಟಿ ರೆಪ್ಪೆ ಅಲುಗುವುದಿಲ್ಲ. ಪ್ರತಿಯೊಬ್ಬರಿಗೂ ಹೊಸ ಬಾಟಲಿನಿಂದ, ಅವರ ಎದುರಿಗೇ ತೆಗೆದುಕೊಳ್ಳಬೇಕು. ಬಳಸಿದ ತುಪ್ಪ ಚೆಲ್ಲಬೇಕು. ಇದನ್ನು ನೋಡಿಕೊಳ್ಳುವುದು ಜೊತೆಗೆ ಹೋದವರ ಕೆಲಸ, ಕೇಳಲು ಹಿಂಜರಿಯಬಾರದು.

ಮುಚ್ಚಿದ ರೆಪ್ಪೆಯ ಮೇಲೆ ಮೂಗಿನ ಕಡೆಯಿಂದ ನಿಧಾನ ಸುರಿದು, ರೆಪ್ಪೆಗೂದಲಿನ ತುದಿ ಮುಳುಗುವಷ್ಟಕ್ಕೆ ನಿಲ್ಲಿಸಿದರು. ಆಮೇಲೆ ‘ತೆಗೀರಿ ಅಮ್ಮಾ, ಮೆಲ್ಲಗೆ’ ಎಂದರು. ತುಪ್ಪದೊಳಗೆ ಕಣ್ಣು ತೆರೆಯುವುದು ಮೊದಲ ಸಲ ಯಾರಿಗೂ ಕಷ್ಟವೇ. ಒಮ್ಮೆಲೇ ಅಗಲಿಸಿದರೆ ಚುರುಗುಟ್ಟುತ್ತದೆ. ಸ್ವಲ್ಪ ತೆರೆದು ಮುಚ್ಚಿ, ಮತ್ತೆ ತೆರೆದು ಮುಚ್ಚಿ ಅಭ್ಯಾಸ ಮಾಡಿಕೊಂಡರೆ ಎಲ್ಲೆಡೆ ಹಳದಿ ಬೆಳಕು ಕಾಣುತ್ತದೆ, ಆಕಾರವಿಲ್ಲ. ಸುಶ್ರುತ ಸಮಯವನ್ನು ಮಾತ್ರೆಯ (ಒಂದು ಹ್ರಸ್ವ ಅಕ್ಷರ ಉಚ್ಚರಿಸುವಷ್ಟು ಹೊತ್ತಿನ) ಲೆಕ್ಕದಲ್ಲಿ ಹೇಳುತ್ತಾನೆ: ಆರೋಗ್ಯವಂತರಿಗೆ 500, ಕಫಕ್ಕೆ 600, ಪಿತ್ತಕ್ಕೆ 800, ವಾತಕ್ಕೆ 1000. ಈಗ ಗಡಿಯಾರ ನೋಡಿ ಹತ್ತರಿಂದ ಇಪ್ಪತ್ತು ನಿಮಿಷ. ನಡುವೆ ಕಟ್ಟೆಯೊಳಗಿನ ತುಪ್ಪ ಆರಿದರೆ ಸ್ವಲ್ಪ ತೆಗೆದು ಬೆಚ್ಚಗಿನದು ಸೇರಿಸುತ್ತಾರೆ. ಕೆಮ್ಮು, ಸೀನು ಬರುವಂತಿದ್ದರೆ ಕೈ ಎತ್ತಿ ತಿಳಿಸಬೇಕು.

ಮುಗಿದ ಮೇಲೆ ಕಟ್ಟೆಯ ಹೊರಮೂಲೆಯಲ್ಲಿ ತೂತು ಮಾಡಿ ತುಪ್ಪ ಇಳಿಸಿ, ಹತ್ತಿಯಿಂದ ಒರೆಸಿ, ಬೆಚ್ಚಗಿನ ನೀರಿನ ಬಟ್ಟೆ ಇಟ್ಟರು. ನೋಟ ಒಂದೆರಡು ಗಂಟೆ ಮಂಜು ಮಂಜು. ಆ ಹೊತ್ತಿನಲ್ಲಿ ಮೆಟ್ಟಿಲು ಇಳಿಯುವವರ ಕೈ ಹಿಡಿಯಿರಿ. ಒದ್ದೆ ವರಾಂಡ, ಎಣ್ಣೆ ಅಂಟಿದ ಚಪ್ಪಲಿ, ಬೀಳುವುದು ಸುಲಭ. ತರ್ಪಣ ಆದವರು ಬೆಳಕಿನ ಮೂಲ, ಗಾಳಿ, ಆಕಾಶ, ಕನ್ನಡಿ, ಹೊಳೆಯುವ ವಸ್ತು ನೋಡಬಾರದು ಎಂದಿದೆ. ಹೊಳೆಯುವ ವಸ್ತು ಎಂದರೆ ಈಗ ಮೊದಲು ಫೋನು.

ಒಂದು ದಿನ, ಮೂರು ದಿನ, ಹೆಚ್ಚೆಂದರೆ ಐದು ದಿನ ಎಂಬುದು ಶಾಸ್ತ್ರದ ಮಿತಿ. ಒಳ್ಳೆಯ ಲಕ್ಷಣ: ಸುಖನಿದ್ದೆ, ಕಣ್ಣು ಹಗುರ, ನೋಟ ತಿಳಿ. ಕಣ್ಣು ಭಾರವಾಗಿ, ಜಿಡ್ಡಾಗಿ, ತುರಿಸಿ, ನೀರು ಸುರಿದರೆ ಅತಿಯಾಗಿದೆ ಎಂದರ್ಥ, ನಿಲ್ಲಿಸಬೇಕು. ಕೀವು ಬರುವ ಕೆಂಗಣ್ಣು ಇದ್ದವರಿಗೆ ತರ್ಪಣ ಬೇಡವೇ ಬೇಡ. ಮೋತಿಬಿಂದು (ಕಣ್ಣಿನ ಪೊರೆ) ಆಪರೇಷನ್ ಇತ್ತೀಚೆಗೆ ಆದವರು ಆಪರೇಷನ್ ಮಾಡಿದ ಡಾಕ್ಟರ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದು.

ಅಂಜನ, ಪೇಟೆ

ಕೊನೆಯ ಹಂತದಲ್ಲಿ ಕೆಲವರಿಗೆ ಇಳನೀರ್ ಕುಳಂಬು ಹಚ್ಚುತ್ತಿದ್ದರು. ಎಳನೀರು, ಮರದರಿಶಿನ, ತ್ರಿಫಲಾ, ಜ್ಯೇಷ್ಠಮಧು, ಸೈಂಧವ, ಜೇನು, ಪಚ್ಚಕರ್ಪೂರ ಸೇರಿದ ಗಟ್ಟಿ ಅಂಜನ. ಕೆಳರೆಪ್ಪೆಗೆ ಎಳೆದರೆ ಕಣ್ಣು ಉರಿದು ನೀರು ಧಾರೆಯಾಗುತ್ತದೆ, ಕೆಲವು ನಿಮಿಷಕ್ಕೆ ತಂಪು. ಪೇಟೆಯ ಔಷಧದಂಗಡಿಯಲ್ಲಿ ಕೇಳಿದವರಿಗೆ ಸಿಗುತ್ತದೆ, ಅದೇ ಅಪಾಯ. ದೊಡ್ಡಮ್ಮನಿಗೆ ವೈದ್ಯರು ಬೇಡ ಎಂದರು. ಮೇಲ್ಪದರ ಒಣಗಿ ಸವೆದ ಕಣ್ಣಿಗೆ ಉರಿಸುವ ಅಂಜನ ಹಿಡಿಸುವುದಿಲ್ಲ. ಪಕ್ಕದ ಕೋಣೆಯವರು ಹಚ್ಚಿಕೊಂಡರು ಎಂದು ತಾವೂ ಒಂದು ಡಬ್ಬಿ ಕೊಂಡು ಬರುವವರು ಬಹಳ. ಬೀದಿಯಲ್ಲಿ ಮಾರುವ ಸುರ್ಮಾವನ್ನಂತೂ ಮುಟ್ಟಬೇಡಿ. ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುತ್ತದೆ, ಮಕ್ಕಳ ಕಣ್ಣಿಗೆ ಹಚ್ಚಿದರೆ ಅದು ಬೆರಳಿನಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ.

ಮಳೆ ಬಿಟ್ಟ ಸಂಜೆ ಪೇಟೆಯ ಮಹಾದೇವ ದೇವಸ್ಥಾನದವರೆಗೆ ನಡೆದು ಬಂದೆವು, ದೊಡ್ಡಮ್ಮ ಕಪ್ಪು ಕನ್ನಡಕದಲ್ಲೇ. ಹತ್ತಿರದ ಅರೀಕ್ಕಲ್ ಜಲಪಾತ ಈ ಕಾಲದಲ್ಲಿ ತುಂಬಿ ಬೀಳುತ್ತದೆ. ಜೊತೆಗೆ ಬಂದವರು ನೋಡಿಬರಬಹುದು. ಚಿಕಿತ್ಸೆಯಲ್ಲಿರುವವರಿಗೆ ತುಂತುರೂ ಗಾಳಿಯೂ ಆಗದು.

ಹಿಂದಿರುಗಿದ ದಿನ

ವಾಪಸ್ ಕೋಟ್ಟಯಂ ಕಡೆಯಿಂದ. ಏಟ್ಟುಮಾನೂರಿನಲ್ಲಿ ಇಳಿದು ದೇವಸ್ಥಾನದ ಹೆಬ್ಬಾಗಿಲಿನ ನಟರಾಜನ ಭಿತ್ತಿಚಿತ್ರ ನೋಡಿದೆವು. ಒಳಗೆ ಮಬ್ಬು ಬೆಳಕು, ದೊಡ್ಡಮ್ಮನ ಕಣ್ಣಿಗೆ ಅದು ಹಿತವಾಗಿತ್ತು. ಕೆಂಪು, ಹಸಿರು, ಕಾವಿ ಬಣ್ಣದ ಚಿತ್ರದ ಮುಂದೆ ಅವರು ಕನ್ನಡಕ ತೆಗೆದು ಬಹಳ ಹೊತ್ತು ನಿಂತರು.

ಔಷಧದ ಚೀಲ ಕಟ್ಟುವುದೂ ಒಂದು ಕೆಲಸ. ಘೃತದ ಬಾಟಲು ರೈಲಿನ ಬಿಸಿಗೆ ಕರಗಿ ಮುಚ್ಚಳದ ಸುತ್ತಿನಿಂದ ಜಿನುಗಿ ಬಟ್ಟೆಯನ್ನೆಲ್ಲ ಹಿಡಿಯಿತು. ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಿ ಇಡಬೇಕು. ಕಣ್ಣಿಗೆ ಹಾಕುವ ಹನಿ ಮತ್ತು ಮೂಗಿಗೆ ಹಾಕುವ ತೈಲದ ಬಾಟಲುಗಳು ಒಂದೇ ಅಳತೆಯವು, ಹೆಸರು ಮಲಯಾಳದಲ್ಲಿ. ಹೊರಡುವ ಮುನ್ನವೇ ಎರಡರ ಮೇಲೂ ಕನ್ನಡದಲ್ಲಿ ದಪ್ಪಕ್ಕೆ ‘ಕಣ್ಣು’, ‘ಮೂಗು’ ಎಂದು ಬರೆದು ಅಂಟಿಸಿದ್ದೆವು. ಮಂಜು ಕಣ್ಣಿನವರು ಒಂದನ್ನು ಇನ್ನೊಂದೆಂದು ಹಾಕಿಕೊಳ್ಳುವುದು ಅಪರೂಪವಲ್ಲ.

ಮನೆಗೆ ಬಂದ ಮೇಲೆ

ಚಿಕಿತ್ಸೆ ನಡೆದ ದಿನಗಳ ಎರಡರಷ್ಟು ದಿನ ಪಥ್ಯ. ಬೆಳಿಗ್ಗೆ ಖಾಲಿ ಹೊಟ್ಟೆಗೆ ವೈದ್ಯರು ಬರೆದ ಅಳತೆಯ ಘೃತ, ಮೇಲೆ ಬಿಸಿನೀರು, ಹಸಿವಾಗುವವರೆಗೆ ಬೇರೇನೂ ಇಲ್ಲ. ರಾತ್ರಿ ಅಂಗಾಲಿಗೆ ಎಣ್ಣೆ. ರೆಪ್ಪೆಯ ಅಂಚಿನ ಗ್ರಂಥಿಗಳು ಕಟ್ಟಿಕೊಂಡಿದ್ದರಿಂದ ದಿನಕ್ಕೊಮ್ಮೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಐದರಿಂದ ಹತ್ತು ನಿಮಿಷ ಮುಚ್ಚಿದ ಕಣ್ಣಿನ ಮೇಲೆ ಇಡಬೇಕೆಂದು ಊರಿನ ಕಣ್ಣಿನ ಡಾಕ್ಟರೂ ಸೇರಿಸಿದರು. ಬಟ್ಟೆ ಬೇಗ ಆರುತ್ತದೆ, ಎರಡು ನಿಮಿಷಕ್ಕೊಮ್ಮೆ ಮತ್ತೆ ಅದ್ದದಿದ್ದರೆ ಒಳಗಿನ ಜಿಡ್ಡು ಕರಗುವುದಿಲ್ಲ.

ಮುಂದಿನ ತಪಾಸಣೆಗೆ ಮತ್ತೆ ಕೇರಳಕ್ಕೇ ಓಡಬೇಕಾಗಿಲ್ಲ. ಹಾಸನದ ಮತ್ತು ಉಡುಪಿಯ ಕುತ್ಪಾಡಿಯ ಎಸ್‌ಡಿಎಂ ಆಯುರ್ವೇದ ಕಾಲೇಜು ಆಸ್ಪತ್ರೆಗಳಲ್ಲಿ, ಬೆಂಗಳೂರು ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜುಗಳಲ್ಲಿ ಶಾಲಾಕ್ಯ ವಿಭಾಗವಿದೆ. ಕಣ್ಣು, ಕಿವಿ, ಮೂಗು ನೋಡುವವರು ಅವರೇ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲದೆ ಮೊದಲ ಸಲಕ್ಕೂ ಮುನ್ನೂರು ನಾನೂರು ಮೈಲಿ ಹೋಗುತ್ತಾರೆ.

ಒಂದು ತಿಂಗಳ ಮೇಲೆ ಷಿರ್ಮರ್ ಮತ್ತೆ ಮಾಡಿಸಿದಾಗ ಎಡಗಣ್ಣಿನ ಅಳತೆ ಏರಿತ್ತು, ಬಲಗಣ್ಣು ಇದ್ದಲ್ಲೇ ಇತ್ತು. ಬೆಳಿಗ್ಗೆ ರೆಪ್ಪೆ ಅಂಟುವುದು ಎರಡರಲ್ಲೂ ಕಡಿಮೆಯಾಗಿದೆ. ಕೃತಕ ಕಣ್ಣೀರಿನ ಹನಿ ದಿನಕ್ಕೆ ಆರು ಸಲ ಇದ್ದದ್ದು ಈಗ ನಾಲ್ಕು ಸಲ. ಅದರಲ್ಲೂ ಪ್ರಿಸರ್ವೇಟಿವ್ ಇಲ್ಲದ ಬಗೆಗೆ ಬದಲಾಯಿಸಿದ್ದಾರೆ, ಪದೇ ಪದೇ ಹಾಕುವವರಿಗೆ ಪ್ರಿಸರ್ವೇಟಿವ್ ಕಣ್ಣಿನ ಮೇಲ್ಪದರವನ್ನೇ ಕೆಣಕುತ್ತದೆ. ಮುಂದಿನ ತರ್ಪಣ ಬೇಕೇ ಎಂಬುದನ್ನು ಚಳಿ ಕಳೆದ ಮೇಲೆ, ಮತ್ತೊಂದು ಅಳತೆ ನೋಡಿ, ಹಾಸನದಲ್ಲೇ ತೀರ್ಮಾನಿಸುವುದೆಂದು ಆಗಿದೆ.